ವಂಶೋದ್ಧಾರಕ್ಕೆ ಕಾದಿಟ್ಟ ಕೀವು

ಕೊಚ್ಚಿಯ ಬ್ರಹ್ಮಪುರಂ ಎಂದರೆ 2023ರ ಮಾರ್ಚಿನ ಕಸದ ಹೊಗೆ ನೆನಪಾಗುತ್ತದೆ. ಅಲ್ಲೇ ನಗರಪಾಲಿಕೆಯ ನಾಯಿ ಸಂತಾನಹರಣ ಕೇಂದ್ರವೂ ಇದೆ. ಬೀದಿಯ ಹೆಣ್ಣುನಾಯಿಯನ್ನು ಬಲೆ ಬೀಸಿ ತಂದು, ಗರ್ಭಕೋಶ ತೆಗೆದು, ಕಿವಿಗೆ ಗುರುತು ಹಾಕಿ, ಹಿಡಿದ ಜಾಗಕ್ಕೇ ಬಿಡುತ್ತಾರೆ. ಕುಲಗೋತ್ರವಿಲ್ಲದ ಆ ನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬುವ ಭಯ ಅಲ್ಲಿಗೆ ಮುಗಿಯಿತು. ಅದೂ ಪುಕ್ಕಟೆ!

2021ರ ಡಿಸೆಂಬರಿನಲ್ಲಿ, ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆಯಿಲ್ಲವೆಂದು ಕೇರಳ ಹೈಕೋರ್ಟ್, ಈ ಕೆಲಸ ಮಾಡುತ್ತಿದ್ದ ಮಹಿಳಾ ಸ್ವಸಹಾಯ ಜಾಲ ಕುಟುಂಬಶ್ರೀಯನ್ನು ಅದರಿಂದ ಹೊರಗಿಟ್ಟಿತು. ಹಾಗೆ ಎಷ್ಟೋ ಬೀದಿನಾಯಿಗಳ ಭಾಗ್ಯಕ್ಕೆ ಕಾನೂನು ಅಡ್ಡ ಬಂತು. ಹನ್ನೆರಡನೇ ಮಹಡಿಯ ಲ್ಯಾಬ್ರಡಾರ್ ರಾಣಿಗೆ ಅಡ್ಡ ಬಂದದ್ದು ಪ್ರೀತಿ.

ರಾಣಿಯ ಯಜಮಾನರು ನಮ್ಮ ಕರಾವಳಿಯಿಂದ ಕೊಚ್ಚಿಗೆ ಹೋಗಿ ನೆಲೆಸಿದ ರಾಯರು. "ಒಂದು ಬಾಣಂತನ ಆಗಲಿ ಡಾಕ್ಟ್ರೇ, ಆಮೇಲೆ ನೋಡುವ" ಎನ್ನುತ್ತಿದ್ದರು. ಆರೋಗ್ಯಕ್ಕಾಗಿ ಒಮ್ಮೆ ಹೆರಲೇಬೇಕು ಎಂದು ಯಾವ ವೈದ್ಯರೂ ಹೇಳುವುದಿಲ್ಲ. ಅದು ಅತ್ತೆಯಂದಿರ ಶಾಸ್ತ್ರ. ತಿರುವನಂತಪುರದ ಕವಡಿಯಾರಿನಲ್ಲೊಂದು ವರ ಸಿಕ್ಕಿತ್ತು. ಬಣ್ಣ ಕಪ್ಪೆಂದು ಅಮ್ಮಾವ್ರು ಒಪ್ಪಲಿಲ್ಲ. ವರಾನ್ವೇಷಣೆಯಲ್ಲೇ ಎಂಟು ವರ್ಷ ಕಳೆಯಿತು. ನಡುವೆ, ಸೋಫಾ ಕಲೆಯಾಗಬಾರದೆಂದು ಬೆದೆ ತಡೆಯುವ ಹಾರ್ಮೋನ್ ಇಂಜೆಕ್ಷನ್ ಬೇರೆ. ಅದು ಗರ್ಭಕೋಶದ ಕೀವಿಗೆ ಅರಿಸಿನ ಕುಂಕುಮ ಹಚ್ಚಿ ಕೊಟ್ಟ ಕರೆಯೋಲೆ.

ಪ್ರತಿ ಬೆದೆಯ ನಂತರ, ಬಸಿರಾಗಲಿ ಬಿಡಲಿ, ಸುಮಾರು ಎರಡು ತಿಂಗಳು ಪ್ರೊಜೆಸ್ಟರಾನ್ ಹಾರ್ಮೋನು ಗರ್ಭಕೋಶವನ್ನು ಮರಿಗಳಿಗಾಗಿ ಸಜ್ಜುಗೊಳಿಸುತ್ತದೆ. ಒಳಪದರ ದಪ್ಪಗಾಗಿ ಬಾಯಿ ಮುಚ್ಚಿಕೊಳ್ಳುತ್ತದೆ. ಮರಿಗಳು ಬಾರದ ಮನೆಗೆ ಇ. ಕೊಲೈ ಬ್ಯಾಕ್ಟೀರಿಯಾ ಬಾಡಿಗೆಗೆ ಬರುತ್ತದೆ. ಇದೇ ಪಯೋಮೆಟ್ರಾ. ಸ್ವೀಡನ್ನಿನ ವಿಮೆ ದಾಖಲೆಗಳ ಲೆಕ್ಕದಲ್ಲಿ, ಸಂತಾನಹರಣವಾಗದ ಹೆಣ್ಣುನಾಯಿಗಳಲ್ಲಿ ಹೆಚ್ಚುಕಡಿಮೆ ನಾಲ್ಕಕ್ಕೊಂದು 10 ವರ್ಷ ತುಂಬುವುದರೊಳಗೆ ಇದಕ್ಕೆ ತುತ್ತಾಗುತ್ತದೆ.

ಬೆದೆ ಮುಗಿದ ತಿಂಗಳಿಗೆ ರಾಣಿ ಬಕೆಟ್ಟುಗಟ್ಟಲೆ ನೀರು ಕುಡಿದಳು. "ಕೊಚ್ಚಿಯ ಸೆಕೆ" ಎಂದರು ರಾಯರು. ಊಟ ಬಿಟ್ಟಳು. "ಬೇಸರ." ಹೊಟ್ಟೆ ಉಬ್ಬಿತು. "ಬಸಿರು!" ಕುಂತಿಯ ಕಥೆ ಕೇಳಿ ಬೆಳೆದ ಮನೆಯಲ್ಲಿ ವರನ ಪ್ರಶ್ನೆ ಏಳಲೇ ಇಲ್ಲ. ಕೀವು ಹೊರಗೆ ಸೋರಿದ್ದರೆ ಸೋಫಾದ ದಯೆಯಿಂದಾದರೂ ಗೊತ್ತಾಗುತ್ತಿತ್ತು. ಬಾಯಿ ಮುಚ್ಚಿದ ಗರ್ಭಕೋಶ ಒಳಗೇ ತುಂಬಿ, ರಕ್ತಕ್ಕೆ ನಂಜೇರಿಸಿ, ಕೊನೆಗೆ ಒಡೆಯಲೂಬಹುದು.

ಸ್ಕ್ಯಾನ್ ಆಯಿತು. ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣ ವಿಪರೀತ ಏರಿತ್ತು.

"ಎಷ್ಟು ಮರಿ ಡಾಕ್ಟ್ರೇ?"

"ಮರಿ ಇಲ್ಲ ಸಾರ್, ಕೀವು."

"ಮಾತ್ರೆಯಲ್ಲಿ ಆಗುವುದಿಲ್ವಾ?"

ಔಷಧದ ದಾರಿಯೂ ಇದೆ. ಅದು ಇನ್ನೂ ಗಟ್ಟಿಯಾಗಿರುವ ಎಳೆಯ ನಾಯಿಗೆ, ಮರಿ ಬೇಕೇಬೇಕು ಎಂದಾಗ ಮಾತ್ರ. ಮುಂದಿನ ಬೆದೆಗೆ ರೋಗ ಮರಳುವುದೂ ಉಂಟು. ರಾಣಿಗೆ ಡ್ರಿಪ್, ಆಂಟಿಬಯಾಟಿಕ್, ಅದೇ ರಾತ್ರಿ ಶಸ್ತ್ರಚಿಕಿತ್ಸೆ. ಎಂಟು ವರ್ಷ ವಂಶಕ್ಕೆಂದು ಕಾದಿಟ್ಟ ಗರ್ಭಕೋಶ ಸ್ಟೀಲ್ ತಟ್ಟೆಗೆ ಬಂತು. ಬೀದಿನಾಯಿಗೆ ಆಗುವ ಆಪರೇಷನ್ನೇ ಇದು. ನಂಜು, ಅಪಾಯ, ಬಿಲ್ಲು ಮಾತ್ರ ಹೆಚ್ಚಿಗೆ.

ಸಾಕಿದವರೇ, ಮರಿ ಬೇಡದಿದ್ದರೆ ಹೊತ್ತಿಗೆ ಸರಿಯಾಗಿ ಆಪರೇಷನ್ ಮಾಡಿಸಿ. ಮಾಡಿಸಿಲ್ಲವಾದರೆ, ಬೆದೆ ಮುಗಿದ ಮೇಲೆ ನೀರಿನ ಬಟ್ಟಲು ಪದೇ ಪದೇ ಖಾಲಿಯಾದ ದಿನವೇ ವೈದ್ಯರ ಬಳಿಗೆ ಓಡಿ.