ಕಾರಿಗೆ ವಯಸ್ಸು ಎಷ್ಟು ಹಾಕ್ಲಿ ಸಾರ್?

ಕಾರಿನ ಇಂಜಿನ್ ಕೆಟ್ಟರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಟೈರು ಪಂಕ್ಚರಾದರೆ ದಾರಿಹೋಕರೂ ಜಾಕಿಗೆ ಕೈಹಾಕುತ್ತಾರೆ. ಮೀಟರ್ ಬೋರ್ಡು ಕೆಟ್ಟವನಿಗೆ ಮಾತ್ರ ಯಾರ ಕರುಣೆಯೂ ಇಲ್ಲ. ‘ಗಾಡಿ ಓಡ್ತೈತಲ್ಲ, ಇನ್ನೇನು ಬೇಕು?’ ಅನ್ನುತ್ತಾರೆ. ಕೋಲಾರ ಸೀಮೆಯಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಓಡುತ್ತಿರುವ ಗಾಡಿಯನ್ನು ರಿಪೇರಿಗೆ ಬಿಡುವವನಿಗೆ ಇಲ್ಲಿ ದುಡ್ಡು ಹೆಚ್ಚಾಗಿದೆ ಎಂದೇ ಲೆಕ್ಕ.

ನನ್ನ ಕಾರಿನ ಮೀಟರ್ ಬೋರ್ಡು ಒಂದೇ ಏಟಿಗೆ ಪ್ರಾಣ ಬಿಡಲಿಲ್ಲ. ಮೊದಲು ಅದಕ್ಕೆ ಉತ್ಸಾಹ ಜಾಸ್ತಿಯಾಯಿತು. ಮನೆ ಮುಂದೆ ನಿಂತಿರುವ ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಎಂದು ವರದಿ ಕೊಟ್ಟಿತು. ಪೆಟ್ರೋಲ್ ಮುಳ್ಳು ಕೋಲಾರ ಬಿಡುವಾಗ ಕಾಲು ಟ್ಯಾಂಕಿನಲ್ಲಿದ್ದು, ನರಸಾಪುರದ ಕೈಗಾರಿಕಾ ಪ್ರದೇಶ ಬರುವಷ್ಟರಲ್ಲಿ ಅರ್ಧಕ್ಕೇರಿ, ಮಾಲೂರು ಮುಟ್ಟುವಾಗ ಭರ್ತಿಯಾಗಿರುತ್ತಿತ್ತು. ಓಡಿದಷ್ಟೂ ಪೆಟ್ರೋಲ್ ಹೆಚ್ಚುವ ಗಾಡಿ ನನ್ನದಾಗಿದ್ದರೂ ಬಂಕಿನವರು ದುಡ್ಡು ಬಿಡಲಿಲ್ಲ. ಆಮೇಲೆ ಎಚ್ಚರಿಕೆ ದೀಪಗಳ ಸರದಿ. ಆಯಿಲ್, ಬ್ಯಾಟರಿ, ಹ್ಯಾಂಡ್ ಬ್ರೇಕ್ ಎಲ್ಲ ಒಟ್ಟಿಗೆ ಹತ್ತಿಕೊಂಡವು. ಜೊತೆಗೆ ಏರ್‌ಬ್ಯಾಗ್ ಕೆಟ್ಟಿದೆ ಎಂಬ ದೀಪವೂ ಬಂತು. ನನ್ನ ಕಾರಿಗೆ ಏರ್‌ಬ್ಯಾಗೇ ಇಲ್ಲ. ಇಲ್ಲದ್ದು ಕೆಟ್ಟಿದೆ ಎಂದು ಹೇಳುವ ಆ ಪ್ರಾಮಾಣಿಕತೆಗೆ ಮನಸೋತೆ. ಕೊನೆಗೆ ಒಂದು ದಿನ ಶ್ರೀನಿವಾಸಪುರದ ದಾರಿಯಲ್ಲಿ ಎಲ್ಲ ಮುಳ್ಳುಗಳೂ ಒಟ್ಟಿಗೆ ಮಲಗಿದವು, ದೀಪಗಳೂ ಆರಿದವು. ಕಾರು ಮಾತ್ರ ತನಗೆ ಸಂಬಂಧವೇ ಇಲ್ಲವೆಂದು ಓಡುತ್ತಿತ್ತು.

ಮುಳ್ಳಿಲ್ಲದ ಕಾರಿನಲ್ಲಿ ವೇಗ ತಿಳಿಯುವುದು ಹೇಗೆ ಎಂದು ನೀವು ಕೇಳಬಹುದು. ಈ ವಿಷಯದಲ್ಲಿ ನಮ್ಮ ಜಿಲ್ಲೆಯ ರಸ್ತೆಗಳು ಬಹಳ ಉಪಕಾರಿ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಕಡೆ ತೋತಾಪುರಿ ಹೇರಿದ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡರೆ ಅದರ ವೇಗವೇ ನಿಮ್ಮ ವೇಗ. ಮಾಲೂರಿನ ಕಡೆ ಇಟ್ಟಿಗೆ ಲಾರಿಗಳು ಈ ಕೆಲಸ ವಹಿಸಿಕೊಂಡಿವೆ. ಕೋಲಾರದ ಎಪಿಎಂಸಿ ಹತ್ತಿರ ಟೊಮೆಟೊ ಬಾಕ್ಸುಗಳ ಗಾಡಿಗಳು ಸಾಲುಗಟ್ಟಿದಾಗ ವೇಗವೆಂಬ ಪ್ರಶ್ನೆಯೇ ಏಳುವುದಿಲ್ಲ. ಮೀಟರು ನಿಜವಾಗಿ ಬೇಕಾಗುವುದು ಮುಳಬಾಗಿಲಿಗೆ ಹೋಗುವ 75ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ. ಅಲ್ಲಿ ಪಕ್ಕದ ಸೀಟಿನಲ್ಲಿ ಹೆಂಡತಿ ಇರುತ್ತಿದ್ದಳು. ಸೀಟಿನ ಅಂಚು ಹಿಡಿದುಕೊಂಡರೆ 80, ‘ರೀ’ ಅಂದರೆ 90, ಮಾತೇ ನಿಲ್ಲಿಸಿದರೆ 100. ಫೋನಿನ ಜಿಪಿಎಸ್ ಜೊತೆ ತಾಳೆ ನೋಡಿದೆ, ವ್ಯತ್ಯಾಸ ಬಹಳ ಇರಲಿಲ್ಲ. ಆದರೆ ಗಾಡಿಗೆ ವೇಗಮಾಪಕ ಇರಲೇಬೇಕು ಎನ್ನುವ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೆಂಡತಿಯನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೊದಲ ಚಿಕಿತ್ಸೆ ಎಲ್ಲರಿಗೂ ಗೊತ್ತಿರುವುದೇ: ಡ್ಯಾಶ್‌ಬೋರ್ಡಿನ ನೆತ್ತಿಗೆ ಅಂಗೈಯಿಂದ ಒಂದು ಏಟು. ಅಚ್ಚರಿಯೆಂದರೆ ಅದು ಕೆಲಸ ಮಾಡುತ್ತಿತ್ತು. ಏಟು ಬಿದ್ದೊಡನೆ ಮುಳ್ಳುಗಳು ಗಡಬಡಿಸಿ ಎದ್ದು ನಿಲ್ಲುತ್ತಿದ್ದವು. ಮುಂದಿನ ಹಂಪಿನ ತನಕ ಶಿಸ್ತಾಗಿರುತ್ತಿದ್ದವು. ಬರಬರುತ್ತಾ ಏಟಿನ ತೂಕ ಹೆಚ್ಚಿಸಬೇಕಾಯಿತು. ಒಮ್ಮೆ ಹಿಂದಿನ ಸೀಟಿನಲ್ಲಿದ್ದ ಮಾವ, ‘ಅಳಿಯಂದ್ರೇ, ಮೀಟ್ರಿಗೇ ಹೊಡೀತಿದ್ದೀರಾ, ಇಲ್ಲಾ ಯಾರ ಮೇಲಾದ್ರೂ ಸಿಟ್ಟಾ?’ ಎಂದು ಕೇಳಿದ ಮೇಲೆ ಆ ವೈದ್ಯ ಬಿಟ್ಟೆ.

ಮಾಲೂರಿನ ಭಾವನಿಗೆ ಇಟ್ಟಿಗೆ ವ್ಯಾಪಾರ. ಲಾರಿಗಳ ಸಹವಾಸದಿಂದ ಅವರಿಗೆ ಮೆಕ್ಯಾನಿಕ್ಕುಗಳ ಬಳಗ ದೊಡ್ಡದು. ಅವರು ಕಳಿಸಿದ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ‘ಫ್ಯೂಸು’ ಎಂದ. ಫ್ಯೂಸು ನೋಡಿದ, ಚೆನ್ನಾಗಿತ್ತು. ‘ಆದ್ರೂ ಚೇಂಜ್ ಮಾಡಿರ್ತೀನಿ’ ಎಂದು ಮಾಡಿದ. ಮುಳಬಾಗಿಲಿನ ಮೆಕ್ಯಾನಿಕ್ ಫ್ಯೂಸನ್ನು ನಂಬುವವನಲ್ಲ, ಅರ್ತನ್ನು ನಂಬುವವನು. ‘ಏಮೀ ಲೇದಣ್ಣಾ, ಅರ್ತ್ ಅಂತೇ’ ಎಂದು ತೆಲುಗಿನಲ್ಲಿ ಅಭಯ ಕೊಟ್ಟು, ಬಿಲ್ಲನ್ನು ಕನ್ನಡದಲ್ಲಿ ಹೇಳಿದ. ಅದೇ ಊರಿನ ಸೋದರತ್ತೆಗೆ ಇವರಾರಲ್ಲೂ ನಂಬಿಕೆಯಿಲ್ಲ. ‘ದೊಡ್ಡ ದೊಡ್ಡ ಪಾರ್ಟಿಯೋರೇ ಕುರುಡುಮಲೆ ಗಣಪನಿಗೆ ಕೈ ಮುಗಿದು ಎಲೆಕ್ಷನ್ನಿಗೆ ಹೊರಡ್ತಾರೆ, ನಿನ್ನ ಮೀಟ್ರು ಯಾವ ಲೆಕ್ಕವೋ? ಒಂದು ಕಾಯಿ ಒಡ್ಕೊಂಡು ಹೋಗು’ ಎಂದರು. ಒಡೆದೆ. ವಾಪಸು ಬರುವಾಗ ಮುಳ್ಳುಗಳೆಲ್ಲ ಎದ್ದು ನಿಂತವು! ನರಸಿಂಹ ತೀರ್ಥ ದಾಟುವವರೆಗೆ ನಿಂತೇ ಇದ್ದವು. ದಾಟಿದ ಮೇಲೆ ಮಲಗಿದವು. ಗಣಪನ ಮಹಿಮೆ ಎಂದು ಅತ್ತೆ, ಅರ್ತಿನ ಮಹಿಮೆ ಎಂದು ಮೆಕ್ಯಾನಿಕ್ಕು. ಮಲಗಿದ್ದಕ್ಕೆ ಮಾತ್ರ ಇಬ್ಬರೂ ಜವಾಬ್ದಾರಿ ಹೊರಲಿಲ್ಲ.

ಹಿಂದೆ ಇಷ್ಟು ಕಷ್ಟವಿರಲಿಲ್ಲ. 1902ರಲ್ಲಿ ಒಟ್ಟೋ ಶುಲ್ಟ್ಸೆ ಎಂಬ ಜರ್ಮನ್ ಪುಣ್ಯಾತ್ಮ ಪೇಟೆಂಟ್ ಪಡೆದ ವೇಗಮಾಪಕದಲ್ಲಿ ಇದ್ದದ್ದು ಇಷ್ಟೇ: ಗಾಡಿಯ ಚಲನೆಯಿಂದ ತಿರುಗುವ ಒಂದು ಕೇಬಲ್ಲು, ಅದರ ತುದಿಗೆ ಒಂದು ಅಯಸ್ಕಾಂತ, ಅದನ್ನು ಮುಟ್ಟದೆ ಮುಚ್ಚಿಕೊಂಡ ಒಂದು ಲೋಹದ ಬಟ್ಟಲು. ಅಯಸ್ಕಾಂತ ತಿರುಗಿದರೆ ಬಟ್ಟಲಿನಲ್ಲಿ ವಿದ್ಯುತ್ತಿನ ಸುಳಿ ಹುಟ್ಟಿ ಅದನ್ನೂ ಎಳೆಯುತ್ತದೆ. ಕೂದಲೆಳೆಯ ಸ್ಪ್ರಿಂಗು ‘ಸಾಕು’ ಎಂದು ಹಿಡಿದುಕೊಳ್ಳುತ್ತದೆ. ಈ ಜಗ್ಗಾಟ ನಿಂತ ಕಡೆ ಮುಳ್ಳು ನಿಲ್ಲುತ್ತದೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರಲ್ಲೂ ಕೇಬಲ್ಲೇ. ಕೆಟ್ಟರೆ ಕೇಬಲ್ಲು ತುಂಡಾಗಿದೆ ಎಂದರ್ಥ. ಹೊಸದು ಹಾಕಿದರೆ ಮುಗಿಯಿತು. ಈಗಿನ ಬೋರ್ಡಿಗೆ ಕೇಬಲ್ಲು ಬರುವುದೇ ಇಲ್ಲ, ಸುದ್ದಿ ಮಾತ್ರ ಬರುತ್ತದೆ. ಸೆನ್ಸಾರು ತಂತಿಯಲ್ಲಿ ಸುದ್ದಿ ಕಳಿಸುತ್ತದೆ, ಬೋರ್ಡಿನೊಳಗಿನ ಚಿಪ್ಪು ಅದನ್ನು ಓದಿ, ಪ್ರತಿ ಮುಳ್ಳಿನ ಹಿಂದೆ ಕೂತ ಪುಟ್ಟ ಸ್ಟೆಪ್ಪರ್ ಮೋಟರಿಗೆ ಎಷ್ಟು ತಿರುಗಬೇಕೆಂದು ಆಜ್ಞೆ ಮಾಡುತ್ತದೆ. ಗಾಡಿ ಎಷ್ಟು ಓಡಿದೆ ಎಂಬ ಲೆಕ್ಕವೂ ಹಲ್ಲುಚಕ್ರಗಳಲ್ಲಿಲ್ಲ, ಎಂಟು ಕಾಲಿನ ಇನ್ನೊಂದು ಚಿಪ್ಪಿನಲ್ಲಿದೆ.

ಶೋರೂಮಿಗೆ ಹೋದೆ. ಯಾವ ಶೋರೂಮು, ಯಾವ ಕಾರು ಎಂದು ಹೇಳುವುದು ಬೇಡ. ಎಲ್ಲರಿಗೂ ಮಾನ ಇದೆ. ತಣ್ಣನೆಯ ಕೋಣೆಯಲ್ಲಿ ಕೂರಿಸಿ, ಕಾಫಿ ಕೊಟ್ಟು, ‘ರಿಪೇರಿ ಬರಲ್ಲ ಸಾರ್, ಪೂರ್ತಿ ಅಸೆಂಬ್ಲಿನೇ ಬದಲಾಯಿಸಬೇಕು’ ಎಂದರು. ಬೆಲೆ ಹೇಳಿದರು. ಆ ದುಡ್ಡಿಗೆ ನನ್ನ ಕಾರಿನಲ್ಲಿ ಕಾಲು ಭಾಗ ಬರುತ್ತಿತ್ತು. ಕಾಫಿಯನ್ನು ಪೂರ್ತಿ ಕುಡಿದು ಎದ್ದೆ.

ಕೊನೆಗೆ ಬಂದು ನಿಂತದ್ದು ಕೋಲಾರದಲ್ಲೇ, ಆಟೋ ಎಲೆಕ್ಟ್ರಿಕಲ್ ಕೆಲಸದ ಒಬ್ಬ ಭಾಯ್ ಅಂಗಡಿಯಲ್ಲಿ. ಅಂಗಡಿಯ ಅಗಲ ನಾಲ್ಕು ಹೆಜ್ಜೆ. ಒಳಗೆ ಸೆಲ್ಫ್ ಮೋಟರುಗಳು, ಹಾರನ್ನುಗಳು, ತಂತಿಯ ಜಡೆಗಳು. ಭಾಯ್ ಹೇಳಿದರು: ‘ಎರಡು ದಾರಿ ಐತೆ ಸಾರ್. ಬೆಂಗಳೂರು ಶಿವಾಜಿನಗರದ ಗುಜರಿಯಲ್ಲಿ ಇದೇ ಮಾಡೆಲ್ ಗಾಡಿ ಬೋರ್ಡ್ ಸಿಗುತ್ತೆ, ತಂದು ಹಾಕ್ತೀನಿ. ಇಲ್ಲಾಂದ್ರೆ ಇದನ್ನೇ ಬಿಚ್ಚಿ ನೋಡೋಣ.’ ಕೆಲವು ಕಾರುಗಳಲ್ಲಿ ಬೇರೆ ಬೋರ್ಡು ಹಾಕಿದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ, ಕಳ್ಳನೆಂದು ತಿಳಿಯುತ್ತದೆ. ನನ್ನ ಕಾರಿಗೆ ಅಷ್ಟು ಬುದ್ಧಿಯಿಲ್ಲ, ಆಗಬಹುದು ಎಂದೂ ಹೇಳಿದರು. ಗುಜರಿಯವನು ವಾಟ್ಸಾಪಿನಲ್ಲಿ ಫೋಟೊ ಕಳಿಸಿದ. ಆ ಬೋರ್ಡು ತೋರಿಸುತ್ತಿದ್ದದ್ದು 48,000 ಚಿಲ್ಲರೆ ಕಿಲೋಮೀಟರು. ನನ್ನ ಗಾಡಿ ಓಡಿರುವುದು 1,62,000.

ಭಾಯ್ ಬಹಳ ಮಾಮೂಲಿಯಾಗಿ ಕೇಳಿದರು: ‘ಎಷ್ಟು ಹಾಕ್ಲಿ ಸಾರ್?’

ಈ ಲೋಕದಲ್ಲಿ ಎಷ್ಟು ಜನರಿಗೆ ತಮ್ಮ ವಯಸ್ಸನ್ನು ತಾವೇ ಆರಿಸಿಕೊಳ್ಳುವ ಅವಕಾಶ ಸಿಗುತ್ತದೆ? ನಮ್ಮ ಮಾವನಿಗೆ ಸಿಕ್ಕಿತ್ತು. ಅವರಿಗೆ ಎರಡು ವಯಸ್ಸು: ಹೆತ್ತಮ್ಮ ಹೇಳಿದ್ದೊಂದು, ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೊಂದು. ನಡುವೆ ಎರಡು ವರ್ಷದ ಅಂತರ; ಆ ಎರಡು ವರ್ಷದ ಸರ್ಕಾರಿ ಸಂಬಳದಲ್ಲೇ ಶ್ರೀನಿವಾಸಪುರದ ತೋಟಕ್ಕೆ ಬೋರ್‌ವೆಲ್ ಕೊರೆಸಿದರು. ಸುದ್ದಿ ಕೇಳಿ ಅವರಿಗೆ ಸಮಸ್ಯೆಯೇ ಕಾಣಲಿಲ್ಲ. ‘ನನಗೆ ಮೇಷ್ಟ್ರು ಮಾಡಿದ್ದನ್ನ ಗಾಡಿಗೆ ಭಾಯ್ ಮಾಡ್ತಾರೆ. ಅದ್ರಲ್ಲೇನೈತೆ?’ ಎಂದರು. ಭಾವ ವ್ಯವಹಾರಸ್ಥರು. ‘ನಲವತ್ತೆಂಟು ಬೇಡ ಬಾಮೈದ, ತೀರಾ ಕಮ್ಮಿಯಾದ್ರೆ ಗಿರಾಕಿಗೆ ಅನುಮಾನ ಬರುತ್ತೆ. ಎಪ್ಪತ್ತೆರಡು ಸಾವಿರದ ಮುನ್ನೂರ ಹದಿನೇಳು ಅಂತ ಹಾಕ್ಸು. ಚಿಲ್ಲರೆ ಇದ್ರೆ ಜನ ನಂಬ್ತಾರೆ’ ಎಂದರು. ಸುಳ್ಳಿಗೆ ಚಿಲ್ಲರೆ ಸೇರಿಸುವ ಈ ಶಾಸ್ತ್ರ ಇಟ್ಟಿಗೆ ಲೋಡು ಎಣಿಸುವಾಗ ಕಲಿತದ್ದಿರಬೇಕು. ಹೆಂಡತಿ ಮಾತ್ರ, ‘ಇರೋದನ್ನೇ ಹಾಕಿಸ್ರೀ. ಗಾಡಿಗೆ ವಯಸ್ಸು ಇಳಿದ್ರೆ ಓಡಿಸೋರಿಗೂ ಇಳಿದಂಗೆ ಅನ್ನಿಸಿಬಿಡುತ್ತೆ’ ಎಂದು ಹೆದ್ದಾರಿಯ 100 ಕಿಲೋಮೀಟರನ್ನು ನೆನೆದು ಹೇಳಿದಳು.

ಕಿಲೋಮೀಟರ್ ಹಿಂದಕ್ಕೆ ತಿರುಗಿಸುವ ಕಲೆ ಭಾವನ ಸಂಶೋಧನೆಯೇನಲ್ಲ. ಅಮೆರಿಕದಲ್ಲಿ ಇದರ ಹಾವಳಿ ತಡೆಯಲಾರದೆ 1972ರಲ್ಲೇ ಕೇಂದ್ರ ಕಾನೂನು ತಂದರು. ಕೋಲಾರದಲ್ಲಿ ಅದಕ್ಕಿಂತ ಪರಿಣಾಮಕಾರಿಯಾದ ಕಾನೂನು ಭಾಯ್ ಬಳಿ ಇತ್ತು. ಬಾಗಿಲು ತೆಗೆದು ನನ್ನ ಕಾರಿನ ಕ್ಲಚ್ ಪೆಡಲನ್ನು ತೋರಿಸಿದರು. ರಬ್ಬರಿನ ಗೆರೆಗಳೆಲ್ಲ ಸವೆದು ನುಣ್ಣಗಾಗಿ, ಎಡ ಮೂಲೆಯಲ್ಲಿ ಕಬ್ಬಿಣ ಇಣುಕುತ್ತಿತ್ತು. ಸ್ಟೇರಿಂಗಿನ ಮೇಲೆ ನನ್ನ ಎರಡು ಕೈ ಹಿಡಿಯುವ ಕಡೆ ಮಾತ್ರ ಹೊಳಪು. ‘ಮೀಟರ್ ತಿರುಗಿಸಬೌದು ಸಾರ್. ಇದನ್ನ ತಿರುಗಿಸೋಕಾಗುತ್ತಾ? ಗಾಡಿ ಕೊಳ್ಳೋಕೆ ಬರೋರು ಮೊದಲು ನೋಡೋದೇ ಇದು. ಮೀಟರ್ ನೋಡೋರು ಹೊಸಬರು.’

ಹಾಗಾಗಿ ನನ್ನ ಬೋರ್ಡನ್ನೇ ಬಿಚ್ಚುವುದೆಂದಾಯಿತು. ಸ್ಟೇರಿಂಗಿನ ಮುಂದಿನ ಪ್ಲಾಸ್ಟಿಕ್ಕು, ನಾಲ್ಕು ಸ್ಕ್ರೂ, ಹಿಂದಿನ ಸಾಕೆಟ್ಟು. ಬೋರ್ಡು ಮಡಿಲಿಗೆ ಬಂತು. ಮುಳ್ಳುಗಳಿದ್ದ ಜಾಗಕ್ಕೆ ಟೇಪಿನ ಗುರುತು ಅಂಟಿಸಿ, ಎರಡು ಟೀ ಚಮಚಗಳನ್ನು ಎರಡೂ ಬದಿಯಿಂದ ಕೊಟ್ಟು ಒಂದೊಂದೇ ಮುಳ್ಳನ್ನು ಮೇಲಕ್ಕೆಬ್ಬಿಸಿದರು. ಒಳಗಿನ ಹಸಿರು ಹಲಗೆಯನ್ನು ಭೂತಗನ್ನಡಿಯಡಿ ಹಿಡಿದು ನನ್ನನ್ನೂ ಕರೆದರು. ಸಾಕೆಟ್ಟಿನ ಕಾಲುಗಳು ಹಲಗೆಯನ್ನು ಸೇರುವಲ್ಲಿ ಬೆಸುಗೆಯ ಬೆಳ್ಳಿ ಗುಳ್ಳೆಗಳು. ಎರಡರ ಸುತ್ತ ಉಗುರಿನಲ್ಲಿ ಗೀರಿದಷ್ಟು ಸಣ್ಣ ಕಪ್ಪು ಬಳೆ. ‘ಡ್ರೈ ಸೋಲ್ಡರ್’ ಎಂದರು. ಬಿಸಿಲಲ್ಲಿ ನಿಂತು ಕಾಯುವುದು, ರಾತ್ರಿ ತಣ್ಣಗಾಗುವುದು, ಹಗಲೆಲ್ಲ ಹಂಪುಗಳ ಕುಲುಕಾಟ. ವರ್ಷಗಟ್ಟಲೆ ಹೀಗಾಗಿ ಬೆಸುಗೆ ಬಿರುಕು ಬಿಟ್ಟಿದೆ. ಬಿರುಕು ಕೂಡಿಕೊಂಡಾಗ ಮುಳ್ಳು ಏಳುತ್ತದೆ, ಬಿಟ್ಟಾಗ ಮಲಗುತ್ತದೆ. ಅಂದರೆ ಅಂಗೈ ಏಟಿನ ಚಿಕಿತ್ಸೆ ವೈಜ್ಞಾನಿಕವೇ. ಇದನ್ನು ಮಾವನಿಗೆ ಫೋನು ಮಾಡಿ ತಿಳಿಸಿದೆ. ಭಾಯ್ ಪೇಸ್ಟು ಹಚ್ಚಿ, ಕಾದ ಕಡ್ಡಿ ಮುಟ್ಟಿಸಿದರು. ಹೊಗೆಯ ಒಂದು ಎಳೆ ಎದ್ದಿತು, ಗುಳ್ಳೆ ಕರಗಿ ಮತ್ತೆ ಹೊಳೆಯಿತು. ವೇಗದ ಮುಳ್ಳಿನ ಸ್ಟೆಪ್ಪರ್ ಮೋಟರು ಒಂದನ್ನು ಮಾತ್ರ ಹೊಸದು ಹಾಕಿದರು. ಒಟ್ಟು ಖರ್ಚು ಶೋರೂಮಿನವರು ಹೇಳಿದ ಮೊತ್ತದ ಚಿಲ್ಲರೆಗಿಂತ ಕಡಿಮೆ. ಈ ಕಾಲದಲ್ಲೂ ಸುಳ್ಳಿಗಿಂತ ಸತ್ಯ ಅಗ್ಗಕ್ಕೆ ಸಿಗುವ ಜಾಗ ಒಂದಿದೆಯೆಂದು ಸಂತೋಷಪಟ್ಟೆ.

ಸಂತೋಷ ಮುಳಬಾಗಿಲಿನ ಹೆದ್ದಾರಿಯವರೆಗೆ ಉಳಿಯಿತು. ಮುಳ್ಳು ಮತ್ತೆ ಕೂರಿಸುವಾಗ ಒಂದು ಗೆರೆ ಆಚೀಚೆಯಾದರೂ ಲೆಕ್ಕ ತಪ್ಪುತ್ತದೆಂದು ಭಾಯ್ ಫೋನು ಹಿಡಿದು ಪಕ್ಕದಲ್ಲಿ ಕೂತಿದ್ದರು. ಮೀಟರು 84 ತೋರಿಸುವಾಗ ಜಿಪಿಎಸ್ 80 ಅಂದಿತು. ‘ಸರಿಯಾಗೈತೆ’ ಎಂದರು ಭಾಯ್. ಹೇಗೆ ಸರಿ? ವೇಗಮಾಪಕ ನಿಜವಾದ ವೇಗಕ್ಕಿಂತ ಒಂದು ಚೂರೂ ಕಡಿಮೆ ತೋರಿಸಬಾರದು, ಹೆಚ್ಚು ತೋರಿಸಿದರೆ ನಡೆಯುತ್ತದೆ ಎಂದು ವಿಶ್ವಸಂಸ್ಥೆಯ 39ನೇ ವಾಹನ ನಿಯಮಾವಳಿಯೇ ಹೇಳುತ್ತದಂತೆ: ಶೇಕಡಾ 10, ಅದರ ಮೇಲೆ ಇನ್ನೂ 4 ಕಿಲೋಮೀಟರು. ಅಂದರೆ 80ರಲ್ಲಿ ಹೋಗುವ ಗಾಡಿ 92 ಎಂದು ಜಂಬ ಕೊಚ್ಚಿಕೊಂಡರೂ ಅಪರಾಧವಲ್ಲ. ಕಿಲೋಮೀಟರಿನಲ್ಲಿ ಸುಳ್ಳು ಹೇಳಿದರೆ ಮೋಸ, ವೇಗದಲ್ಲಿ ಹೇಳಿದರೆ ಸುರಕ್ಷತೆ! ಭಾವನಿಗೆ ಇದು ತಿಳಿದರೆ ಮತ್ತೆ ವಾದಕ್ಕೆ ಬರುತ್ತಾರೆಂದು ನಾನು ಬಾಯಿ ಬಿಟ್ಟಿಲ್ಲ.

ಈಗ ಎಲ್ಲ ಮುಳ್ಳುಗಳೂ ನೆಟ್ಟಗಿವೆ. ಏರ್‌ಬ್ಯಾಗಿನ ದೀಪವೂ ಆರಿದೆ. ತೊಂದರೆ ಶುರುವಾಗಿರುವುದು ಪೆಟ್ರೋಲ್ ಮುಳ್ಳಿನಿಂದ. ಅದು ಸತ್ತಿದ್ದ ಕಾಲದಲ್ಲಿ ನನ್ನ ಕಾರು ಕೇಳಿ ಒಯ್ಯುವವರು ಪ್ರಾಣಭಯದಿಂದ ಮೊದಲ ಬಂಕಿನಲ್ಲೇ ನಿಲ್ಲಿಸಿ ಸಾವಿರ ರೂಪಾಯಿಗೆ ಹಾಕಿಸುತ್ತಿದ್ದರು. ಭಾವ ಚಿಕ್ಕತಿರುಪತಿಗೆ ಒಯ್ದರೂ, ಅತ್ತೆಯ ಮಗ ಆವಣಿಗೆ ಒಯ್ದರೂ, ಮಾವ ಬಾದಾಮಿ ಹಣ್ಣು ಹಂಚಲು ಒಯ್ದರೂ ಗಾಡಿ ತುಂಬಿದ ಹೊಟ್ಟೆಯಲ್ಲೇ ಮನೆಗೆ ಬರುತ್ತಿತ್ತು. ಈಗ ಎಲ್ಲರಿಗೂ ಎಷ್ಟಿದೆ ಎಂದು ಕಾಣುತ್ತದೆ. ಕೆಂಪು ಗೆರೆಗೆ ಸರಿಯಾಗಿ ತಂದು ನಿಲ್ಲಿಸಿ, ‘ಮೀಟ್ರು ಚೆನ್ನಾಗಿ ಮಾಡಿಸಿದ್ದೀಯಪ್ಪ’ ಎಂದು ಬೆನ್ನು ತಟ್ಟಿ ಹೋಗುತ್ತಾರೆ.

ಮೊನ್ನೆ ಭಾಯ್ ಅಂಗಡಿಗೆ ಹೋಗಿ, ಮಿಕ್ಕದ್ದೆಲ್ಲ ಹಾಗೇ ಇರಲಿ, ಪೆಟ್ರೋಲ್ ಮುಳ್ಳಿನ ತಂತಿಯೊಂದನ್ನು ಮಾತ್ರ ಕಿತ್ತುಬಿಡಲು ಎಷ್ಟಾಗುತ್ತದೆ ಎಂದು ವಿಚಾರಿಸಿದೆ. ಅವರು ಯೋಚಿಸಿ ಹೇಳಿದರು: ‘ಸರಿ ಮಾಡಿದ್ದಕ್ಕೆ ತಗೊಂಡಷ್ಟೇ, ಸಾರ್.’