ಕೇರಾಫ್ 56 ಎಪಿಒ, ತಾಲೂಕು ನಾರಾಯಣಖೇಡ

ಐವತ್ತು ವರ್ಷ ಕೂಡಿ ಬಾಳಿದ ಗುಟ್ಟೇನು ಎಂದು ಕೇಳಲು ಪತ್ರಿಕೆಯವರು ಸಿನಿಮಾ ಮಂದಿಯ ಬಾಗಿಲಿಗೆ ಹೋಗುತ್ತಾರೆ. ದಂಡ. ಅದೇ ಪೆಟ್ರೋಲಿನಲ್ಲಿ ಜಹೀರಾಬಾದಿಗೆ ಬಂದು, ಅಲ್ಲಿಂದ ನ್ಯಾಲಕಲ್, ನಾರಾಯಣಖೇಡದ ಕಡೆ ತಿರುಗಿದರೆ ಊರಿಗೊಬ್ಬ ಮಿಲ್ಟ್ರಿ ಮಾವ ಸಿಗುತ್ತಾನೆ. ತಿರುವಿದ ಮೀಸೆ, ಇಸ್ತ್ರಿ ಮಾಡಿದ ಜುಬ್ಬ, ಕೈಯಲ್ಲಿ ಕ್ಯಾಂಟೀನಿನ ಟಾರ್ಚು. ಒಳಗೆ ಅತ್ತಿ ರೊಟ್ಟಿ ಬಡಿಯುತ್ತಿರುತ್ತಾಳೆ. ಇವರ ಸಂಸಾರ ಮುರಿದುಬಿತ್ತು ಎಂಬ ಸುದ್ದಿಯನ್ನು ಆ ಸೀಮೆಯಲ್ಲಿ ಯಾರೂ ಕೇಳಿಲ್ಲ. ಮುರಿದುಕೊಳ್ಳುವುದಕ್ಕಾದರೂ ಇಬ್ಬರೂ ಒಂದೇ ಊರಲ್ಲಿರಬೇಕಲ್ಲ?

ಲೆಕ್ಕ ನೋಡಿ. ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್. ಸಾಹೇಬರು ಎಲ್ಲವನ್ನೂ ಮಂಜೂರು ಮಾಡಿ, ಯಾವ ರೈಲೂ ತಡವಾಗದೆ, ಯಾವ ಗಡಿಯಲ್ಲೂ ಗುಂಡು ಹಾರದೆ ಹೋದರೆ ಒಟ್ಟು 90. ಹದಿನೇಳು ವರ್ಷದ ನೌಕರಿಗೆ 1,530 ದಿನ, ಅಂದರೆ ನಾಲ್ಕು ವರ್ಷ ಎರಡು ತಿಂಗಳು. ಫ್ಯಾಮಿಲಿ ಕ್ವಾರ್ಟರ್ಸ್ ಸಿಗದವನ ಹದಿನೇಳು ವರ್ಷದ ದಾಂಪತ್ಯದ ಒಟ್ಟು ಮೊತ್ತ ಇಷ್ಟು. ಉಳಿದ ಹನ್ನೆರಡೂಮುಕ್ಕಾಲು ವರ್ಷ ಗಂಡ ಗೋಡೆಯ ಮೇಲೆ ಫೋಟೊದಲ್ಲಿರುತ್ತಾನೆ. ಗೋಡೆಯ ಮೇಲಿನ ಗಂಡ ಪಲ್ಯಕ್ಕೆ ಉಪ್ಪು ಕಮ್ಮಿ ಎನ್ನುವುದಿಲ್ಲ, ತವರಿಗೆ ಹೋಗಬೇಡ ಎನ್ನುವುದಿಲ್ಲ. ಇಂಥವನ ಜೊತೆ ಯಾರು ತಾನೆ ಬಾಳಲಾರರು?

ಕ್ವಾರ್ಟರ್ಸ್ ಸಿಕ್ಕರೆ ಕತೆ ಬೇರೆ. ಸರದಿ ಬಂದಾಗ ಅತ್ತಿ ಕಪ್ಪು ಕಬ್ಬಿಣದ ಟ್ರಂಕುಗಳ ಜೊತೆ ಜಬಲ್ಪುರಕ್ಕೋ ಜೋಧಪುರಕ್ಕೋ ಹೊರಡುತ್ತಾಳೆ. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಗಂಡನ ನಂಬರು, ರ‍್ಯಾಂಕು, ಹೆಸರು, ಎಲ್ಲಿಂದ ಎಲ್ಲಿಗೆ. ಒಳಗಿನ ಸಾಮಾನೆಲ್ಲ ಅವಳದು: ಸಜ್ಜೆ ಹಿಟ್ಟು, ಶೇಂಗಾ ಹಿಂಡಿ, ತಾಂಡೂರಿನ ತೊಗರಿ ಬೇಳೆ, ದೇವರ ಜಗುಲಿ. ಹೊರಗೆ ಅವಳ ಹೆಸರಿನ ಒಂದಕ್ಷರವೂ ಇರುವುದಿಲ್ಲ. ಎರಡು ಮೂರು ವರ್ಷಕ್ಕೆ ಹಳೆಯ ಊರಿನ ಮೇಲೆ ಕಪ್ಪು ಬಳಿದು ಹೊಸ ಊರು ಬರೆಯುತ್ತಾರೆ. ನೌಕರಿ ಮುಗಿಯುವ ಹೊತ್ತಿಗೆ ಟ್ರಂಕಿನ ತಗಡಿಗಿಂತ ಬಣ್ಣವೇ ದಪ್ಪ.

ಮನೆ ಹಿಡಿಯುವುದಕ್ಕೆ ಫೌಜಿನಲ್ಲಿ ‘ಮಾರ್ಚಿಂಗ್ ಇನ್’, ಬಿಡುವುದಕ್ಕೆ ‘ಮಾರ್ಚಿಂಗ್ ಔಟ್’ ಎನ್ನುತ್ತಾರೆ. ಬಿಡುವ ದಿನ ಒಬ್ಬ ಪಟ್ಟಿ ಹಿಡಿದು ಬಂದು ನಲ್ಲಿ, ಬಲ್ಬು, ಕಿಟಕಿಯ ಗಾಜು, ಕೊಂಡಿ ಎಲ್ಲ ಎಣಿಸುತ್ತಾನೆ. ಒಂದು ಗಾಜು ಸೀಳಿದ್ದರೂ ಸಂಬಳದಲ್ಲಿ ಕಡಿತ. ಸರ್ಕಾರ ಇಷ್ಟು ಅಕ್ಕರೆಯಿಂದ ಲೆಕ್ಕವಿಡುವ ಮನೆ ಬೇರೊಂದಿಲ್ಲ. ಆ ಮನೆಯಲ್ಲಿ ಮೂರು ವರ್ಷ ಇದ್ದ ಹೆಂಗಸು ಎಷ್ಟು ಸೀಳಿದ್ದಾಳೆ ಎಂದು ನೋಡುವ ಕಾಲಂ ಮಾತ್ರ ಆ ಪಟ್ಟಿಯಲ್ಲಿಲ್ಲ. ಇದ್ದಿದ್ದರೆ ಕಡಿತ ಯಾರ ಸಂಬಳದಲ್ಲಿ ಮಾಡುತ್ತಿದ್ದರೋ.

ತಿಂಗಳಿಗೊಮ್ಮೆ ವೆಲ್‌ಫೇರ್ ಮೀಟ್. ಹೆಂಡಂದಿರಿಗೆ ರ‍್ಯಾಂಕಿಲ್ಲ, ಕುರ್ಚಿಗಳಿಗೆ ಇದೆ. ಮುಂದಿನ ಸೋಫಾ ಸಾಹೇಬರ ಮೇಮ್‌ಸಾಬಿಗೆ, ಅದರ ಹಿಂದೆ ಜೆಸಿಒ ಸಾಹೇಬರ ಮನೆಯವರಿಗೆ, ಕೊನೆಯ ದರಿಯ ಮೇಲೆ ಅತ್ತಿ. ‘ಸುಖ ಸಂಸಾರಕ್ಕೆ ಪರಸ್ಪರ ಸಂವಹನ ಮುಖ್ಯ’ ಎಂದು ಇಂಗ್ಲಿಷು ಬೆರೆಸಿದ ಹಿಂದಿಯಲ್ಲಿ ಉಪನ್ಯಾಸ. ಅತ್ತಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ದಖನಿ, ಬೀಗರ ಹತ್ತಿರ ಮರಾಠಿ. ನಾಲ್ಕು ಭಾಷೆಯಲ್ಲಿ ಬೈಯಬಲ್ಲ ಹೆಂಗಸಿಗೆ ಸಂವಹನ ಕಲಿಸಿ, ಚಹಾ ಸಮೋಸ ಕೊಟ್ಟು ಕಳಿಸುತ್ತಾರೆ. ಸಂವಹನ ಮಾಡಬೇಕಾದ ಗಂಡ ಆವತ್ತು ಡ್ಯೂಟಿಯಲ್ಲಿರುತ್ತಾನೆ.

ಇಷ್ಟರಲ್ಲಿ ಫೀಲ್ಡ್ ಪೋಸ್ಟಿಂಗ್ ಬರುತ್ತದೆ. ಅವಳು ಊರಿಗೆ, ಅವನು ‘ಕೇರಾಫ್ 56 ಎಪಿಒ’. ಅದು ಯಾವ ನಕ್ಷೆಯಲ್ಲೂ ಇಲ್ಲದ ಊರು. 56 ಎಂದರೆ ದಿಲ್ಲಿಯ ಸೇನಾ ಅಂಚೆ ಕೇಂದ್ರದ ಮೂಲಕ, 99 ಎಂದರೆ ಕೋಲ್ಕತ್ತದ್ದರ ಮೂಲಕ. ಅಲ್ಲಿಂದಾಚೆ ಕಾಗದ ಲಡಾಖಿನ ಬೆಟ್ಟ ಹತ್ತಿತೋ ಅರುಣಾಚಲದ ಕಾಡು ಹೊಕ್ಕಿತೋ ಯಾರಿಗೂ ತಿಳಿಯಬಾರದು. ಶತ್ರುವಿಗೆ ಗೊತ್ತಾಗದಿರಲಿ ಎಂದು ಮಾಡಿದ ಏರ್ಪಾಡು, ಶತ್ರುವಿನ ಸಾಲಿನಲ್ಲಿ ಹೆಂಡತಿಯೂ ನಿಂತಳು. ‘ಎಲ್ಲಿ ಹಾರ್ರಿ ನಿಮ್ಮ ಮನಿಯವ್ರು?’ ಎಂದು ಯಾರಾದರೂ ಕೇಳಿದರೆ ‘ಛಪ್ಪನ್‌ದಾಗ ಹಾರ’ ಎನ್ನುತ್ತಾಳೆ. ಇದನ್ನು ದೂರುವಂತಿಲ್ಲ. ಗಂಡನ ವಿಳಾಸ ಗುಟ್ಟಾಗಿರುವುದು ದೇಶದ ಕೆಲಸ.

ಆದರೆ ಅವಳ ವಿಳಾಸಕ್ಕೇನಾಗಿತ್ತು? ಅವಳ ಊರು ಇದ್ದಲ್ಲೇ ಇದೆ, ಬೇವಿನ ಮರ ಇದ್ದಲ್ಲೇ ಇದೆ. ಪೋಸ್ಟಿಂಗ್ ಮಾತ್ರ ಗಂಡನ ಹಾಗೆ ಮತ್ತೆ ಮತ್ತೆ ಆಗಿದೆ. ಈ ಸೀಮೆಗೆ ಫೌಜು ಬಂದದ್ದು 1948ರ ಸೆಪ್ಟೆಂಬರಿನಲ್ಲಿ, ಸೊಲ್ಲಾಪುರದ ಕಡೆಯಿಂದ ನಳದುರ್ಗ, ಹುಮನಾಬಾದ್, ಜಹೀರಾಬಾದ್ ಹಾಯ್ದು. ಐದು ದಿನದಲ್ಲಿ ನಿಜಾಮರ ರಾಜ್ಯ ಮಾರ್ಚಿಂಗ್ ಔಟ್. ಎಂಟು ವರ್ಷ ಕಳೆದು, 1956ರ ನವೆಂಬರ್ 1ರಂದು, ಊರುಗಳಿಗೇ ಮೂವ್‌ಮೆಂಟ್ ಆರ್ಡರ್ ಬಂತು. ಬೀದರ್ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ಸರ್ಕಲ್ ಬಿಟ್ಟು ಜಹೀರಾಬಾದ್ ತಾಲೂಕು, ಬೀದರ್ ತಾಲೂಕಿನ ನ್ಯಾಲಕಲ್ ಸರ್ಕಲ್, ಇವಿಷ್ಟೂ ಆಂಧ್ರಪ್ರದೇಶದ ಮೆದಕ ಜಿಲ್ಲೆಗೆ. ನಿರ್ಣಾದ ಬೀಗರು ಮೈಸೂರು ರಾಜ್ಯದವರಾದರು, ಜಹೀರಾಬಾದಿನ ಬೀಗರು ಆಂಧ್ರದವರಾದರು. ನಿಬ್ಬಣ ಹೊರಟಿದ್ದು ಪಕ್ಕದೂರಿಗೆ, ಮುಟ್ಟಿದ್ದು ಪರರಾಜ್ಯಕ್ಕೆ. 2014ರ ಜೂನ್ 2ಕ್ಕೆ ತೆಲಂಗಾಣ. 2016ರ ದಸರೆಯ ದಿನ ಮೆದಕವೂ ಹೋಗಿ ಸಂಗಾರೆಡ್ಡಿ ಜಿಲ್ಲೆ.

ತಾಂಡೂರಿನ ಸರ್ವಿಸ್ ರೆಕಾರ್ಡು ಇನ್ನೂ ಉದ್ದ. ಗುಲಬರ್ಗಾದಿಂದ ಹೈದರಾಬಾದ್ ಜಿಲ್ಲೆ, 1978ರಲ್ಲಿ ರಂಗಾರೆಡ್ಡಿ, 2016ರಲ್ಲಿ ವಿಕಾರಾಬಾದ್. ಇಷ್ಟು ವರ್ಗಾವಣೆಯಾದ ಸುಬೇದಾರನಿಗೆ ಟಿಎ ಡಿಎ ಆದರೂ ಸಿಗುತ್ತಿತ್ತು. ತಾಂಡೂರಿಗೆ ಸಿಕ್ಕಿದ್ದು ಹೊಸ ಬೋರ್ಡು ಬರೆಸುವ ಖರ್ಚು. ಅಲ್ಲಿನ ಫರ್ಸಿ ಊರೂರಿನ ಮನೆಗಳಲ್ಲಿ ಹಾಸಿ ಬಿದ್ದಿದೆ. ‘ಎಲ್ಲಿಯ ಕಲ್ಲು?’ ಎಂದರೆ ‘ತಾಂಡೂರಿಂದು’ ಎನ್ನುತ್ತಾರೆ, ಜಿಲ್ಲೆ ಯಾವುದೆಂದು ಯಾರೂ ಕೇಳುವುದಿಲ್ಲ. ತೊಗರಿಯ ಮಾತಂತೂ ಇನ್ನೂ ಸೊಗಸು. ಒಂದೇ ಜಿಲ್ಲೆಯಲ್ಲಿದ್ದ ಹೊಲಗಳ ನಡುವೆ ಗೆರೆ ಬಿದ್ದದ್ದರಿಂದ ಗುಲಬರ್ಗಾ ತೊಗರಿಗೆ 2019ರಲ್ಲಿ ಒಂದು ಜಿಐ, ತಾಂಡೂರು ತೊಗರಿಗೆ 2022ರಲ್ಲಿ ಇನ್ನೊಂದು. ಬೇಳೆಗೆ ತಾನು ಯಾವ ನೆಲದ್ದೆಂಬ ಸರ್ಟಿಫಿಕೇಟು ಸಿಕ್ಕಿತು. ಆ ಬೇಳೆ ಒಡೆದ ಹೆಂಗಸು ಇನ್ನೂ ತಹಶೀಲ್ ಕಚೇರಿಯ ಸಾಲಿನಲ್ಲಿದ್ದಾಳೆ. ಬೀದರಿಗೆ ಕೊಟ್ಟ ತಂಗಿಯ ಮಕ್ಕಳಿಗೆ 371-ಜೆ ಮೀಸಲಾತಿ, ಜಹೀರಾಬಾದಿನಲ್ಲುಳಿದ ಅಕ್ಕನ ಮಕ್ಕಳಿಗೆ ಅದರ ಸುದ್ದಿ.

ಸಾಲಿನಲ್ಲಿ ಯಾಕಿದ್ದಾಳೆ ಎಂದಿರಾ? ಅದನ್ನು ಹೇಳಲಿಕ್ಕೇ ಇಷ್ಟು ದೂರ ಬಂದದ್ದು.

ಫೌಜಿಯ ಮದುವೆ ಎರಡು ಸಲ ಆಗಬೇಕು. ಒಮ್ಮೆ ಝರಾಸಂಗಮದ ಕೇತಕಿ ಸಂಗಮೇಶ್ವರನ ಮುಂದೆ, ಇನ್ನೊಮ್ಮೆ ‘ಪಾರ್ಟ್ ಟೂ ಆರ್ಡರ್’ ಎಂಬ ಫೌಜಿನ ದಾಖಲೆಯಲ್ಲಿ. ಮೊದಲನೆಯದಕ್ಕೆ ಅಕ್ಷತೆ ಸಾಕು. ಎರಡನೆಯದಕ್ಕೆ ಹೆಸರಿನ ಕಾಗುಣಿತ, ಹುಟ್ಟಿದ ತಾರೀಖು, ಪೂರ್ಣ ವಿಳಾಸ ಬೇಕು. ಸಂಗಮೇಶ್ವರನಿಗೆ ಗೊತ್ತಿರುವ ಮದುವೆ ರೆಕಾರ್ಡ್ ಆಫೀಸಿಗೆ ಗೊತ್ತಿಲ್ಲದಿದ್ದರೆ ಅದು ಮದುವೆಯಲ್ಲ, ವದಂತಿ.

ಸಾಲಿನಲ್ಲಿರುವ ಅತ್ತಿ ತವರಿನಲ್ಲಿ ಮಾದೇವಿ. ಗಂಡ ಯೂನಿಟ್ಟಿಗೆ ಹೋಗಿ ಹೆಸರು ಹೇಳಿದಾಗ, ಎಲ್ಲಿಯವನೋ ಒಬ್ಬ ಕ್ಲರ್ಕು ತನ್ನ ಕಿವಿಗೆ ಕೇಳಿಸಿದ್ದನ್ನು ‘ಮಹಾದೇವಿ ಬಾಯಿ’ ಎಂದು ಬರೆದುಕೊಂಡ. ಆಧಾರ್ ಮಾಡಿಸಿದ ತೆಲುಗು ಹುಡುಗ ಗೌರವಕ್ಕೆಂದು ‘ಮಹದೇವಮ್ಮ’ ಮಾಡಿದ. ಹುಟ್ಟಿದ್ದು ಕಾರಹುಣ್ಣಿಮೆಯ ಮರುದಿನ ಎಂದು ಅವಳವ್ವನಿಗೆ ಖಾತ್ರಿ ಗೊತ್ತು, ಕಾಗದದಲ್ಲಿ ಜನವರಿ 1. ದೇಶದ ಅರ್ಧ ಹೆಂಗಸರನ್ನು ಸರ್ಕಾರ ಅದೇ ದಿನ ಹೆತ್ತಿದೆ. ಮಾವನ ಡಿಸ್ಚಾರ್ಜ್ ಬುಕ್ಕಿನಲ್ಲಿ ‘ಜಿಲ್ಲಾ ಮೆದಕ, ಆಂಧ್ರಪ್ರದೇಶ’. ಈಗ ಆ ಊರು ಆ ಜಿಲ್ಲೆಯಲ್ಲೂ ಇಲ್ಲ, ಆ ರಾಜ್ಯದಲ್ಲೂ ಇಲ್ಲ. ಮಾವ ಇರುವ ತನಕ ಇದೆಲ್ಲ ಯಾರಿಗೂ ತೊಡಕಲ್ಲ. ಅವನು ಕಣ್ಣು ಮುಚ್ಚಿದ ದಿನದಿಂದ, ಮಾದೇವಿ, ಮಹಾದೇವಿ ಬಾಯಿ ಮತ್ತು ಮಹದೇವಮ್ಮ ಎಂಬ ಮೂವರು ಹೆಂಗಸರು ಒಬ್ಬನೇ ಗಂಡನ ಫ್ಯಾಮಿಲಿ ಪೆನ್ಶನ್ನಿಗೆ ಜಗಳವಾಡುತ್ತಿದ್ದಾರೆಂದು ಕಚೇರಿ ತಿಳಿಯುತ್ತದೆ. ಮೂವರೂ ಒಬ್ಬಳೇ ಎಂದು ಅಫಿಡವಿಟ್ ಬೇಕು. ಆ ಮೆದಕವೇ ಈ ಸಂಗಾರೆಡ್ಡಿ ಎಂದು ಇನ್ನೊಂದು ಕಾಗದ ಬೇಕು. ಜಿಲ್ಲೆ ಬದಲಿಸಿದವರು ತಾವೇ, ಬದಲಾಯಿತೆಂದು ರುಜುವಾತು ಮಾಡಬೇಕಾದವಳು ಮಾದೇವಿ.

ಜಾಯಿಂಟ್ ಫೋಟೊ ಒಂದು ಬಲವಾದ ಸಾಕ್ಷಿ. ಪೆನ್ಶನ್ ಕಾಗದಕ್ಕಾಗಿ ಇಬ್ಬರೂ ಅಕ್ಕಪಕ್ಕ ಕುಳಿತು ತೆಗೆಸಿದ್ದು. ಮದುವೆಯ ದಿನದ್ದು ಬಿಟ್ಟರೆ ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ಕೂಡಿರುವ ಫೋಟೊ ಅದೊಂದೇ, ಅದೂ ಸರ್ಕಾರದ ಕೃಪೆಯಿಂದ. ಆಮೇಲೆ ಆನ್‌ಲೈನ್ ಬಂತು. ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂದು ಅತ್ತಿ ಯಂತ್ರಕ್ಕೆ ಬೆರಳೊತ್ತಬೇಕು. ತೊಗರಿ ಕೊಯ್ದು, ಕುಳ್ಳು ತಟ್ಟಿ ಸವೆದ ಬೆರಳಿನ ಗೆರೆ ಯಂತ್ರಕ್ಕೆ ಕಾಣುವುದಿಲ್ಲ. ‘ಇನ್ನೊಮ್ಮೆ ಒತ್ತಮ್ಮಾ’ ಎನ್ನುತ್ತಾನೆ ಹುಡುಗ. ‘ಜೀವ ಇದ್ದದ್ದಕ್ಕೇ ನಡದ ಬಂದೀನಲ್ಲೋ ತಮ್ಮಾ’ ಎಂದರೆ ಅದು ಸಾಕ್ಷಿಯಲ್ಲ.

ಫೌಜಿನ ದಾಂಪತ್ಯಕ್ಕೆ ದೂರವೇ ಶತ್ರು ಎಂದು ಬರೆಯುವವರೆಲ್ಲ ಒಮ್ಮೆ ಈ ಸಾಲಿನಲ್ಲಿ ನಿಲ್ಲಬೇಕು. ದೂರವನ್ನು ಹೆಂಗಸರು ಗೆದ್ದಾಗಿದೆ. ಹದಿನೇಳು ವರ್ಷ ಹೊಲ ನೋಡಿದರು, ಅತ್ತೆಯನ್ನು ನೋಡಿದರು, ಮಕ್ಕಳ ಜ್ವರ ನೋಡಿದರು, ಪಟವಾರಿಯ ಮುಖ ನೋಡಿದರು. ಕ್ಯಾಂಟೀನಿನ ಬಾಟಲಿಗಾಗಿ ಮಾತ್ರ ನೆಂಟಸ್ತನ ನೆನೆಸಿಕೊಳ್ಳುವ ಮೈದುನರನ್ನೂ ನೋಡಿಕೊಂಡರು.

ಗೆಲ್ಲಲಾಗದ್ದು ಒಂದೇ, ರಿಟೈರ್‌ಮೆಂಟು.

ಮೂವತ್ತೇಳು ಮೂವತ್ತೆಂಟರ ಹರೆಯದಲ್ಲಿ ಗಂಡ ಪೂರ್ತಿಯಾಗಿ ಮನೆಗೆ ಬರುತ್ತಾನೆ. ಮೊದಲ ವಾರ ಹೋಳಿಗೆ. ಎರಡನೆಯ ವಾರದಿಂದ ಬೆಳಗಿನ ಐದಕ್ಕೆ ಮನೆಯೆಲ್ಲ ಫಾಲ್ ಇನ್. ಅಡುಗೆಮನೆಯ ಡಬ್ಬಿಗಳು ಎತ್ತರದ ಪ್ರಕಾರ ಸಾಲಾಗುತ್ತವೆ, ಮೇಲೆ ಚೀಟಿ: ‘ಸಕ್ಕರೆ’, ‘ಉಪ್ಪು’. ಕಣ್ಣು ಮುಚ್ಚಿ ಕೈ ಹಾಕಿದರೂ ಉಪ್ಪು ಸಿಗುತ್ತಿದ್ದ ಹೆಂಗಸಿಗೆ ಈಗ ಓದಿ ಹುಡುಕಬೇಕು. ಎಮ್ಮೆ ಹಾಲು ಕೊಡುವ ಹೊತ್ತನ್ನು ತಿದ್ದಲು ಹೋಗಿ ಒದೆಸಿಕೊಂಡವರೂ ಇದ್ದಾರೆ. ‘ನಾ ಇಲ್ಲದಾಗ ಇದೆಲ್ಲ ಹ್ಯಾಂಗ ನಡಸ್ತಿದ್ದಿ?’ ಎಂದು ಮಾವ ಬೆರಗಾಗಿ ಕೇಳುತ್ತಾನೆ. ‘ನೀವ್ ಇಲ್ಲದ್ದಕ್ಕೇ ನಡೀತಿತ್ರಿ’ ಎನ್ನುವ ಮಾತನ್ನು ಅತ್ತಿ ರೊಟ್ಟಿಯ ಮೇಲೆ ಬಡಿದು ಮುಗಿಸುತ್ತಾಳೆ.

ಆರು ತಿಂಗಳು ತುಂಬುವ ಮೊದಲೇ ಆಕೆಯೇ ಊರಲ್ಲಿ ವಿಚಾರಿಸತೊಡಗುತ್ತಾಳೆ: ಹೈದರಾಬಾದಿನ ಅಪಾರ್ಟ್‌ಮೆಂಟುಗಳ ಗೇಟಿಗೆ ಎಕ್ಸ್ ಸರ್ವಿಸ್‌ಮನ್ ಬೇಕಂತಲ್ಲ, ನಮ್ಮ ಮನಿಯವ್ರಿಗೆ ಹೇಳ್ತೀರೇನು? ಟ್ರಂಕು ಮತ್ತೆ ಕೆಳಗಿಳಿಯುತ್ತದೆ. ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುವ ಗಂಡನಿಗೆ ಮತ್ತೆ ಹೋಳಿಗೆ ಬೇಯುತ್ತದೆ. ದಾಂಪತ್ಯ ಚಿಗುರುತ್ತದೆ.

2022ರ ಜೂನಿನಲ್ಲಿ ಅಗ್ನಿಪಥ ಬಂದ ಮೇಲೆ ಈ ವ್ಯವಸ್ಥೆಗೇ ಕಲ್ಲು ಬಿದ್ದಿದೆ. ಸೇರುವಾಗ ಹುಡುಗನಿಗೆ ಮದುವೆಯಾಗಿರಬಾರದು, ನಾಲ್ಕು ವರ್ಷಕ್ಕೆ ನೂರಕ್ಕೆ ಇಪ್ಪತ್ತೈದು ಮಂದಿಯನ್ನು ಇಟ್ಟುಕೊಂಡು ಉಳಿದವರನ್ನು ಸುಮಾರು ₹11.71 ಲಕ್ಷ ಸೇವಾನಿಧಿ ಕೊಟ್ಟು ಮನೆಗೆ. ಪೆನ್ಶನ್ ಇಲ್ಲ. ಅಗ್ನಿವೀರನ ಅಗ್ನಿ ನಾಲ್ಕು ವರ್ಷಕ್ಕೆ ಆರುತ್ತದೆ, ಉಳಿಯುವುದು ವೀರ. ಗಡಿ ಹಳ್ಳಿಗಳಲ್ಲಿ ಹೆಣ್ಣು ಹೆತ್ತವರು ಇದನ್ನೇ ಅಳೆದು ತೂಗುತ್ತಿದ್ದಾರೆ. ಇಂಥ ಒಂದು ಮಾತುಕತೆಯಲ್ಲಿ ಗಂಡಿನ ಕಡೆಯವರು ದರಿಯ ಮೇಲೆ ಕೂತಿದ್ದರು ಎನ್ನಿ. ಹೆಣ್ಣಿನಪ್ಪ ಪೆನ್ಶನ್ನಿನ ಮಾತೆತ್ತಿದ, ಅವರು ಸೇವಾನಿಧಿಯ ಮಾತೆತ್ತಿದರು. ಒಳಬಾಗಿಲಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಅಜ್ಜಿ, ಹಳೇ ಸುಬೇದಾರನ ಹೆಂಡತಿ, ಬಾಯಿ ಹಾಕಿದಳು.

‘ನಾಕ ವರ್ಷ ಆದ ಮ್ಯಾಲ ಹುಡುಗ ಎಲ್ಲಿರ್ತಾನ್ರಿ?’

‘ಎಲ್ಲಿ ಹೋಗ್ತಾನವ್ವಾ, ಊರಾಗೇ ಇರ್ತಾನ. ಜಹೀರಾಬಾದಿನ್ಯಾಗ ಅಂಗಡಿ ಹಾಕಿ ಕೊಡ್ತೀವಿ.’

‘ದಿನಾ ರಾತ್ರಿ ಮನಿಗಿ ಬರ್ತಾನ?’

‘ರಾತ್ರಿ ಏನ್ ಬಂತು, ಮಧ್ಯಾಹ್ನ ಊಟಕ್ಕೂ ಬರ್ತಾನ!’

ಅಜ್ಜಿ ಎಲೆ ಮಡಚಿ ದವಡೆಗಿಟ್ಟುಕೊಂಡು ಮಗನ ಕಡೆ ತಿರುಗಿದಳು. ‘ಬ್ಯಾರೆ ಕಡಿ ನೋಡಪ್ಪಾ.’