ಕೊಂಡ ಮೇಲೆ ಕಾಣುವ ದೋಣಿ

ಬಳಸಿದ ಹಾಯಿದೋಣಿಯನ್ನು ಕೊಳ್ಳುವವನು ಹಣ ಕೊಡುವ ಮೊದಲು ಅದರ ಬಿಳಿಯ ಹಾಯಿಯನ್ನೂ ತೇಗದ ಮೆರುಗನ್ನೂ ನೋಡುತ್ತಾನೆ. ದೋಣಿಯನ್ನು ನೋಡುವುದು ಕೈಗೆ ಬ್ರಷ್ಷು ಬಂದ ಮೇಲೆ. ಅಮೆರಿಕದಲ್ಲಿ 1960ರ ದಶಕದಿಂದ ಫೈಬರ್‌ಗ್ಲಾಸ್, ಅಂದರೆ ಗಾಜಿನ ನಾರನ್ನು ರಾಳದಲ್ಲಿ ತೋಯಿಸಿ ಅಚ್ಚಿನಲ್ಲಿ ಗಟ್ಟಿಯಾಗಿಸಿದ ವಸ್ತು, ಇಂತಹ ದೋಣಿಗಳನ್ನು ಸಾವಿರಗಟ್ಟಲೆ ಹೆತ್ತಿತು. ಮರದ ದೋಣಿಗೆ ಕಾಲ ಬಂದಾಗ ಕೊಳೆತು ಸಾಯುವ ಸೌಜನ್ಯವಾದರೂ ಇತ್ತು. ಫೈಬರ್‌ಗ್ಲಾಸಿಗೆ ಅದೂ ಇಲ್ಲದ್ದರಿಂದ ಅರ್ಧ ಶತಮಾನ ಕಳೆದ ದೋಣಿಗಳು ಪ್ರತಿಯೊಬ್ಬ ಒಡೆಯನ ಕೊಳೆಯನ್ನೂ ಪದರಪದರವಾಗಿ ಉಳಿಸಿಕೊಂಡು ಇಂದಿಗೂ ಕೈಯಿಂದ ಕೈಗೆ ದಾಟುತ್ತಿವೆ.

ಶುದ್ಧೀಕರಣವು ಬಿಲ್ಜ್‌ನಿಂದ ಆರಂಭವಾಗತಕ್ಕದ್ದು. ಬಿಲ್ಜ್ ಎಂದರೆ ನೆಲಹಲಗೆಯ ಅಡಿಯಲ್ಲಿ, ದೋಣಿಯ ಒಡಲಿನಲ್ಲಿ ತೀರ ತಗ್ಗಾದ ಜಾಗ. ಸೋರಿದ ನೀರು, ಡೀಸೆಲ್, ಕೂದಲು, ಕೈಜಾರಿದ ಸ್ಕ್ರೂಗಳು, ಜೊತೆಗೆ ‘ಇದು ಎಂದೂ ಸೋರಿಲ್ಲ’ ಎಂದು ಹಿಂದಿನ ಒಡೆಯ ಕೊಟ್ಟ ಮಾತು, ಎಲ್ಲವೂ ಕೊನೆಗೆ ಇಳಿದು ಸೇರುವುದು ಅಲ್ಲಿಗೇ. ಆ ನೀರನ್ನು ನಾಲಿಗೆಗೆ ಮುಟ್ಟಿಸಿ, ಉಪ್ಪಾಗಿದ್ದರೆ ಸಮುದ್ರದ್ದೆಂದೂ ಸಪ್ಪೆಯಾಗಿದ್ದರೆ ಮಳೆಯದೋ ಕುಡಿಯುವ ನೀರಿನ ಟ್ಯಾಂಕಿನದೋ ಎಂದೂ ನಿರ್ಣಯಿಸುವ ಪದ್ಧತಿಯುಂಟು; ಡೀಸೆಲ್ ತೇಲುತ್ತಿರುವಾಗಲೂ ಇದನ್ನು ಅನುಸರಿಸುವವರ ಶ್ರದ್ಧೆ ಮೆಚ್ಚತಕ್ಕದ್ದು, ಬುದ್ಧಿಯ ಮಾತು ಬೇರೆ.

ಅನಂತರದ ಸಾಧನ ಸಣ್ಣ ಸುತ್ತಿಗೆ. ಅನೇಕ ದೋಣಿಗಳ ಡೆಕ್ಕು ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಬಾಲ್ಸಾ ಎಂಬ ಹಗುರ ಮರವನ್ನಿಟ್ಟು ಮಾಡಿದ್ದಾಗಿದ್ದು, ಹಳೆಯ ಸ್ಕ್ರೂ ತೂತುಗಳಿಂದ ನೀರಿಳಿದರೆ ಮೇಲೆ ಏನೂ ತೋರದೆ ಒಳಗಿನ ಮರ ಕೊಳೆಯುತ್ತದೆ. ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ಗಟ್ಟಿ ಜಾಗ ಚುರುಕಾಗಿ ದನಿಗೊಡುತ್ತದೆ, ಕೊಳೆತ ಜಾಗ ‘ದಬ್’ ಎನ್ನುತ್ತದೆ. ಸಂತೆಯಲ್ಲಿ ತೆಂಗಿನಕಾಯಿ ಬಡಿದು ಕೊಳ್ಳುವವರಿಗೆ ಈ ವಿದ್ಯೆ ಹೊಸದೇನಲ್ಲ. ನೀರಿನಡಿಯ ಭಾಗದಲ್ಲಿ ಗುಳ್ಳೆಗಳೆದ್ದಿದ್ದು, ಚುಚ್ಚಿದಾಗ ವಿನೆಗರ್‌ನ ವಾಸನೆ ಬಂದರೆ ನೀರು ಹೊರಲೇಪವನ್ನು ದಾಟಿ ರಾಳದೊಡನೆ ವ್ಯವಹಾರ ಆರಂಭಿಸಿದೆಯೆಂದರ್ಥ. ಹಾಯಿಕಂಬವನ್ನು ಬಿಗಿದ ಉಕ್ಕಿನ ತಂತಿಗಳ ಮೇಲೆ ಹತ್ತಿಯನ್ನು ಎಳೆದರೆ ತುಂಡಾದ ಎಳೆಗಳು ಅದನ್ನು ಕಚ್ಚಿಹಿಡಿಯುತ್ತವೆ. ಬರಿಗೈ ಎಳೆದವರಿಗೆ ಇದೇ ಜ್ಞಾನ ಇನ್ನೂ ಶೀಘ್ರವಾಗಿ ಲಭಿಸುತ್ತದೆ.

ಸಮುದ್ರದ ನೀರನ್ನು ಒಳಬಿಡುವ ಹಿತ್ತಾಳೆ ಕವಾಟವು ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದರ ಅಂದಕ್ಕೆ ಮರುಳಾಗಬಾರದು: ಸತು ಕರಗಿಹೋಗಿ ಬಿರುಸಾದ ತಾಮ್ರವಷ್ಟೇ ಉಳಿದಿದ್ದು, ಒಂದು ಒದೆತಕ್ಕೆ ಅದು ಮುರಿಯಬಲ್ಲದು. ದೋಣಿ ಮಗುಚದಂತೆ ಅಡಿಯಲ್ಲಿ ಕೂಡಿಸಿದ ಭಾರವಾದ ಕೀಲ್ ಒಡಲನ್ನು ಸೇರುವಲ್ಲಿ ಬಿರುಕು ಕಾಣುವುದುಂಟು; ಕ್ಯಾಟಲಿನಾ ಎಂಬ ಅಮೆರಿಕದ ಜನಪ್ರಿಯ ದೋಣಿಗಳ ಒಡೆಯರು ಇದನ್ನು ‘ಕ್ಯಾಟಲಿನಾ ನಗೆ’ ಎಂದೇ ಕರೆಯುತ್ತಾರೆ. ನಗೆ ದೋಣಿಯದು, ಖರ್ಚು ಒಡೆಯನದು. ಹಾಯಿಗಳ ಬೂಷ್ಟಿನ ಬಗ್ಗೆ ಹೇಳುವುದು ಇಷ್ಟೇ: ನೈಲಾನ್ ಹಾಯಿಗೆ ಕ್ಲೋರಿನ್ ಬ್ಲೀಚ್ ಹಾಕಿದರೆ ಬೂಷ್ಟಿನೊಡನೆ ಹಾಯಿಯೂ ಹೋಗುತ್ತದೆ.

ಆದ್ದರಿಂದ ಕೊಳ್ಳಲಿರುವವರು ಕರಾರಿಗೆ ಸಹಿ ಹಾಕುವ ಮೊದಲೇ ಸುತ್ತಿಗೆ, ಟಾರ್ಚು, ಹಿಡಿ ಹತ್ತಿಯೊಡನೆ ಹೋಗಿ ಬಿಲ್ಜ್‌ನ ಹಲಗೆಯನ್ನು ಎತ್ತಿಸಬೇಕು. ಮಾರುವವನು ಅದಕ್ಕೆ ಹಿಂದೆಮುಂದೆ ನೋಡಿದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಬೇರೆ ದೋಣಿಯನ್ನು ಹುಡುಕುವುದು ಲೇಸು.